ಕೀಬೋರ್ಡಿನ ಮೇಲಿನ ರಂಗೋಲಿ ಪುಡಿ

ತಿ. ನರಸೀಪುರದ ಅಕ್ಕಿ ಗಿರಣಿಯೊಂದರ ಸರ್ವರ್ ತನಗೆ ಹೆದರಿಕೊಂಡೇ ನೆಟ್ಟಗೆ ನಡೆಯುತ್ತಿದೆ ಎಂದು ಹರಿಪ್ರಸಾದ ಎರಡು ವರ್ಷ ನಂಬಿದ್ದ. ಅವನು ನಂಜನಗೂಡಿನ ಕಂಪ್ಯೂಟರ್ ಅಂಗಡಿಯೊಂದರ ಸಂಬಳದಾಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಗಿರಣಿಗೆ ಹೋಗುವುದು, ಸರ್ವರಿನ ಮುಂದೆ ಹುಬ್ಬು ಗಂಟಿಕ್ಕಿಕೊಂಡು ಹತ್ತು ನಿಮಿಷ ಕೂರುವುದು, ಏನೂ ಕೆಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಕೀಬೋರ್ಡು ಒರೆಸಿ, ಟೀ ಕುಡಿದು ವಾಪಸು ಬರುವುದು. "ನಾನು ಒಂದ್ಸಲ ಕೈಯಿಟ್ಟರೆ ಮುಗೀತು, ಮಿಷಿನ್ನು ಮತ್ತೆ ಬಾಲ ಬಿಚ್ಚಲ್ಲ" ಎಂದು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿಕೊಳ್ಳುತ್ತಿದ್ದ.

ಕೀಬೋರ್ಡು ಒರೆಸುವ ಕೆಲಸ ಬಂದಿದ್ದು ಮರಿತಾಯಮ್ಮನ ದೆಸೆಯಿಂದ. ಐವತ್ತು ದಾಟಿದ ಈ ಹೆಂಗಸು ಗಿರಣಿಯ ಕಸ ಗುಡಿಸುವವಳು, ಬೀಗದ ಕೈ ಇಟ್ಟುಕೊಂಡವಳು, ಹೋದ ಬಂದವರನ್ನೆಲ್ಲ ಗದರಿಸುವವಳು. ಬೆಳಿಗ್ಗೆ ಏಳಕ್ಕೆ ಬಂದು ಗೇಟಿನ ಮುಂದೊಂದು, ಆಫೀಸಿನ ಹೊಸಿಲಿಗೊಂದು ರಂಗೋಲಿ ಬಿಡುವಳು. ಅವಳ ಬೆರಳಿನ ಪುಡಿ ಅದು ಹೇಗೋ ಕೀಬೋರ್ಡಿನ ಮೇಲೂ ಇರುತ್ತಿತ್ತು.

"ಅಕ್ಕಾ, ಇದೇನು ಹೊಸಿಲಾ ರಂಗೋಲಿ ಬಿಡೋಕೆ?" ಎಂದು ಅವನು ರೇಗುತ್ತಿದ್ದ.

"ಒರ್ಸಿ ಸಾ, ಒರ್ಸಿ. ನಿಮ್ಗೂ ಒಂದು ಕೆಲ್ಸ ಬ್ಯಾಡ್ವಾ?" ಎಂದು ಅವಳು ಪೊರಕೆ ಎತ್ತಿಕೊಂಡು ಹೋಗುತ್ತಿದ್ದಳು.

ಗಿರಣಿಯ ಸಾಹುಕಾರ ಪುಟ್ಟಬಸವಯ್ಯನವರಿಗೆ ಶಾರ್ಟ್ ಸರ್ಕ್ಯೂಟಿನ ಭಯ. ದಿನಾ ಸಂಜೆ ಖುದ್ದಾಗಿ ಮೇನ್ ಸ್ವಿಚ್ ಇಳಿಸಿಯೇ ಮನೆಗೆ ಹೋಗುವರು. ಹಾಗಾಗಿ ಸರ್ವರ್ ಪ್ರತಿ ಬೆಳಿಗ್ಗೆ ಹೊಸದಾಗಿ ಏಳಬೇಕು. ಅದು ಎದ್ದರಷ್ಟೇ ಸಾಲದು. ಟ್ರಾಕ್ಟರುಗಳನ್ನು ಹೊರೆ ಸಮೇತ ತೂಗುವ ವೇಬ್ರಿಡ್ಜಿನ ವೈರು ಸರ್ವರಿನೊಳಗಿನ ಒಂದು ಕಾರ್ಡಿಗೆ ಸೇರುತ್ತದೆ. ಆ ಕಾರ್ಡನ್ನು ಮಾತಾಡಿಸುವ ಪುಟ್ಟ ಪ್ರೋಗ್ರಾಮು, ಅದೇ ಡ್ರೈವರ್, ಜೊತೆಗೇ ಏಳಬೇಕು. ಇಲ್ಲವಾದರೆ ಪರದೆಯ ಮೇಲೆ ತೂಕದ ಜಾಗದಲ್ಲಿ ಬರೀ ಅಡ್ಡಗೆರೆ. ಅದು ತಾನಾಗಿ ಏಳಲೆಂದು ಹರಿಪ್ರಸಾದ ಮೊದಲ ತಿಂಗಳೇ ಒಂದು ಫೈಲಿನಲ್ಲಿ ಡ್ರೈವರಿನ ಹೆಸರು ಬರೆದಿಟ್ಟಿದ್ದ. ಪರೀಕ್ಷೆ ಮಾಡಿರಲಿಲ್ಲ. ತಾನು ಬರೆದದ್ದನ್ನು ಪರೀಕ್ಷೆ ಮಾಡುವುದು ತನಗೇ ಅವಮಾನ ಎಂಬ ಜಾತಿಯವನು.

ವರ್ಷದ ಮೇಂಟೆನೆನ್ಸ್ ಕರಾರು ಮತ್ತೆ ಬರೆಯುವ ವಾರವೇ ಗಿರಣಿಯಿಂದ ಫೋನು ಬಂತು. ತೂಕ ಬರುತ್ತಿಲ್ಲ, ಭತ್ತದ ಟ್ರಾಕ್ಟರುಗಳು ಗೇಟಿನಾಚೆ ರಸ್ತೆಯವರೆಗೂ ನಿಂತಿವೆ. ಅಂಗಡಿಯ ಮಾಲೀಕ ಒಂದೇ ಮಾತು ಹೇಳಿದ: "ಆ ಗಿರಣಿ ಕೈ ತಪ್ಪಿದರೆ ನೀನೂ ಬೇರೆ ಕಡೆ ನೋಡ್ಕೋ."

ಹರಿಪ್ರಸಾದ ಓಡಿದ. ನೋಡಿದರೆ ಡ್ರೈವರ್ ಎದ್ದೇ ಇಲ್ಲ. ಹಿಂದೆ ಕೊಟ್ಟ ಕಮಾಂಡುಗಳ ಪಟ್ಟಿ ತೆಗೆದು ನೋಡಿದ. ಡ್ರೈವರನ್ನು ಕೈಯಿಂದ ಎಬ್ಬಿಸುವ ಒಂದೇ ಸಾಲು, ದಿನಾ ಬೆಳಿಗ್ಗೆ ಏಳೂಕಾಲಿಗೆ, ಎರಡು ವರ್ಷದಿಂದ! ಅವನು ಒಮ್ಮೆಯೂ ಅದನ್ನು ಒತ್ತಿದವನಲ್ಲ. ಅದೇ ಸಾಲನ್ನು ಒತ್ತಿದ. ತೂಕ ಬಂತು, ಟ್ರಾಕ್ಟರುಗಳು ಕದಲಿದವು.

"ಹ್ಯಾಕರ್ ಸಾರ್," ಎಂದ ಸಾಹುಕಾರರ ಕಿವಿಯಲ್ಲಿ. "ದಿನಾ ಬೆಳಿಗ್ಗೆ ಒಳಗೆ ನುಗ್ಗುತ್ತಿದ್ದಾನೆ. ಭಾನುವಾರ ಮಾತ್ರ ಇಲ್ಲ."

"ಭಾನ್ವಾರ ರಜ ತಗಳೋ ಕಳ್ಳನಾ? ನಮ್ಮ ಆಳುಗಳಿಗಿಂತ ನಿಯತ್ತಿನೋನು ಕಣಯ್ಯಾ! ನಾಳೆ ಹಿಡ್ದೇಬುಡಣ ನಡಿ."

ಮಾರನೆಯ ಬೆಳಿಗ್ಗೆ ಇಬ್ಬರೂ ಹಿಂಬಾಗಿಲಿಂದ ಹೊಕ್ಕು ಆಫೀಸಿನ ಅಕ್ಕಿ ಮೂಟೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತರು. ಬೀಗ ತೆಗೆದ ಸದ್ದಾಯಿತು. ಮಗಳ ಮನೆಗೆಂದು ತಲಕಾಡಿಗೆ ಹೋಗಿ ಹಿಂದಿನ ದಿನ ರಜೆಯಲ್ಲಿದ್ದ ಮರಿತಾಯಮ್ಮ ಒಳಗೆ ಬಂದಳು. ಮೇನ್ ಸ್ವಿಚ್ ಏರಿಸಿದಳು. ಹೊಸಿಲಿಗೆ ರಂಗೋಲಿ ಬಿಟ್ಟಳು. ಆಮೇಲೆ ನಿಂತಂತೆಯೇ, ಒಂದೇ ಬೆರಳಲ್ಲಿ, ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆಯುವವಳಂತೆ ಕೀಬೋರ್ಡಿನ ಮೇಲೆ ಟಕಟಕ ಒತ್ತತೊಡಗಿದಳು.

ಹರಿಪ್ರಸಾದ ಎದ್ದು ನಿಂತ ರಭಸಕ್ಕೆ ಒಂದು ಮೂಟೆ ಉರುಳಿತು.

"ಅಯ್ಯೋ, ಎದೆ ಒಡ್ಕಂತಲ್ಲಪ್ಪಾ! ಅಲ್ಲೇನ್ ಮಾಡ್ತಿದ್ದೀರಿ ಇಬ್ರೂ?"

"ಅಕ್ಕಾ, ಇದನ್ನ ನಿಮಗೆ ಯಾರು ಹೇಳಿಕೊಟ್ಟರು?"

"ಮೊದ್ಲು ಮಿಷಿನ್ ಕೂರ್ಸಕ್ಕೆ ಬಂದಿದ್ರಲ್ಲ, ಆ ಮೈಸೂರು ಸಾ. ಅನ್ನೆರಡು ಚುಕ್ಕಿ, ಎಂಟು ಚುಕ್ಕಿ ಆದ್ಮ್ಯಾಕೆ ಒಂದು ಖಾಲಿ, ಕೊನೇಗೆ ಆ ದೊಡ್ಡ ಗುಂಡಿ. ಇಂಗ್ಲೀಸು ಬರಲ್ಲ ಸಾ, ದಾರಿ ಗೊತ್ತು."

"ಊರಿಗೆ ಹೋಗುವಾಗ ನನಗೊಂದು ಮಾತು ಹೇಳಬಾರದಿತ್ತಾ?"

"ನಿಮ್ಮ ಕೆಲ್ಸ ನಿಮ್ಗೆ ಗೊತ್ತಿರ್ತದೆ ಅನ್ಕಂಡೆ."

ಹರಿಪ್ರಸಾದ ತಲೆ ತಗ್ಗಿಸಿಕೊಂಡು ತನ್ನ ಹಳೆಯ ಫೈಲು ತೆಗೆದ. ಒಳಗೆ ಬರೆದದ್ದೆಲ್ಲ ಸರಿಯಿತ್ತು. ಆದರೆ ಅಂಥ ಫೈಲಿನ ಹೆಸರಿನ ಕೊನೆಗೆ ಚುಕ್ಕಿಯಿಟ್ಟು ನಾಲ್ಕಕ್ಷರದ ಬಾಲವೊಂದು ಇರಲೇಬೇಕು. ಇಲ್ಲದಿದ್ದರೆ ಸರ್ವರ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆ ಬಾಲವನ್ನೇ ಅವನು ಹಾಕಿರಲಿಲ್ಲ. ಈಗ ಹಾಕಿದ. ಸಾಹುಕಾರರು ನಂಬಲಿಲ್ಲ. ಮೂರು ಸಲ ಮೇನ್ ಸ್ವಿಚ್ ಇಳಿಸಿ ಏರಿಸಿದರು. ಮೂರು ಸಲವೂ ಯಾರೂ ಏನೂ ಒತ್ತದೆ, ಹೊರಗೆ ನಿಂತಿದ್ದ ಟ್ರಾಕ್ಟರಿನ ತೂಕ ಪರದೆಯ ಮೇಲೆ ತಾನಾಗಿ ಮೂಡಿತು.

"ಪೀಡೆ ಕಳೀತು," ಎಂದಳು ಮರಿತಾಯಮ್ಮ. "ಇನ್ನು ಹಬ್ಬಕ್ಕೆ ಎಲ್ಗಾದ್ರೂ ಓಗ್ಬೌದು."

ಪುಟ್ಟಬಸವಯ್ಯನವರು ಮೇಜಿನ ಮೇಲಿದ್ದ ಕರಾರಿನ ಕಾಗದ ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದವರು ಅಲ್ಲಿಗೇ ನಿಲ್ಲಿಸಿ, ಹರಿಪ್ರಸಾದನ ಮುಖ ನೋಡಿ, ಅವಳ ಕಡೆ ತಿರುಗಿದರು.

"ಅಲ್ಲ ಮರಿತಾಯಮ್ಮ, ದಿನಾ ಎಬ್ಬುಸ್ತಿದ್ದೋಳು ನೀನು. ಅಂಗಾದ್ರೆ ಎರಡು ವರ್ಸದಿಂದ ಇವ್ನು ಬಂದು ಏನ್ ಮಾಡ್ತಿದ್ದ?"

"ಕೀಬೋಲ್ಡು ಒರುಸ್ತಿದ್ರು ಸಾವ್ಕಾರ್ರೇ."