ಅಕ್ಕಾರ ದೊಡ್ಡ ಅಕ್ಷರ

ನಮ್ಮ ಆಫೀಸಿನಲ್ಲಿ ಈ ಪ್ರಸಂಗವನ್ನು ಯಾರೇ ಹೇಳಲಿ, "ಪಾಪ, ಅಕ್ಕಾರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ" ಎಂದೇ ಶುರು ಮಾಡುತ್ತಾರೆ. ನನ್ನ ತಕರಾರು ಈ ಮೊದಲ ವಾಕ್ಯದಲ್ಲೇ ಇದೆ. ಕಾಣುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಯಾರು? ಅಕ್ಕಾರು. ಅವರ ಮಾತಿಗೆ ಆಧಾರ? ಅವರ ಮಾತೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ವಾದ ಹೂಡಿದವರನ್ನು ನಾನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದ್ದೇನೆ.

ಮಾದಾಪುರದ ಒಂದು ಕಟ್ಟಡದಲ್ಲಿ ಅರ್ಧ ಮಹಡಿ ನಮ್ಮದು. ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳ ಸರಕನ್ನು ಲಾರಿಗೆ ಹತ್ತಿಸಿ ಊರೂರಿಗೆ ಕಳಿಸುವುದು ಕೆಲಸ. ಯಾವ ಲಾರಿ, ಎಲ್ಲಿಗೆ, ಗೇಟು ದಾಟಿದ್ದು ಯಾವಾಗ, ಮುಟ್ಟಿದ್ದು ಯಾವಾಗ, ಎಲ್ಲವೂ ಕಂಪ್ಯೂಟರಿನ ಒಂದೇ ಶೀಟಿನಲ್ಲಿ. ಬಲಗಡೆಯ ತುತ್ತತುದಿಗೆ ಕೊನೆಯ ಕಾಲಂ: ತಡವಾಗಿದ್ದರೆ ಯಾರಿಂದ, ಯಾಕೆ. ಈ ಶೀಟನ್ನು ನೋಡಿಕೊಳ್ಳುವವರು ಅಕ್ಕಾರು. ಯಾದಗಿರಿ ಕಡೆಯವರು, ಐವತ್ತು ದಾಟಿದವರು, ಆಫೀಸಿಗೇ ಹಳಬರು. ಲಾರಿಯವರನ್ನು ತೆಲುಗಿನಲ್ಲಿ ಬೈದು, ಮ್ಯಾನೇಜರನ್ನು ಹಿಂದಿಯಲ್ಲಿ ತಣ್ಣಗೆ ಮಾಡಿ, ಕನ್ನಡವನ್ನು ನನಗೆಂದು ಎತ್ತಿಡುತ್ತಿದ್ದರು. ನಾನು ಹೊಸಬಳು. ಆ ತಿಂಗಳ ಕೊನೆಗೆ ಮ್ಯಾನೇಜರ್ ಸಹಿ ಹಾಕಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮತ್ತೆ ತೂಗುಯ್ಯಾಲೆ.

ಆ ಶೀಟಿಗೆ ಒಂದು ಗುಣವಿತ್ತು. ಕೊನೆಗೆ ಸೇವ್ ಮಾಡಿದವರು ಅಕ್ಷರವನ್ನು ಎಷ್ಟು ಹಿಗ್ಗಿಸಿ ಇಟ್ಟಿರುತ್ತಾರೋ, ಮುಂದೆ ತೆರೆದವರಿಗೆಲ್ಲ ಅಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ಸೇವ್ ಮಾಡುವವರು ಯಾವಾಗಲೂ ಅಕ್ಕಾರು. ಅವರ ಅಕ್ಷರವೋ, ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನ ಬೋರ್ಡಿನಂಥದ್ದು. ಸೋಮವಾರದ ಮೀಟಿಂಗಿನಲ್ಲಿ ಅದು ಗೋಡೆಯ ಪರದೆ ಮೇಲೆ ಬಿದ್ದರೆ ಲಾರಿ ನಂಬರು, ಊರು, ಗೇಟಿನ ಸಮಯ, ಅಲ್ಲಿಗೆ ಗೋಡೆ ಮುಗಿಯುತ್ತಿತ್ತು. ಲ್ಯಾಪ್‌ಟಾಪಿನ ಮುಂದೆ ಅಕ್ಕಾರೇ ಕೂರುತ್ತಿದ್ದರು. ಶೀಟನ್ನು ಕೆಳಗೆ ಸರಿಸುತ್ತಿದ್ದರು, ಬಲಕ್ಕೆ ಸರಿಸುತ್ತಿರಲಿಲ್ಲ. ಮೌಸ್ ಮುಟ್ಟುವುದು ತನ್ನ ಹುದ್ದೆಗೆ ತಕ್ಕದ್ದಲ್ಲ ಎಂದು ಮ್ಯಾನೇಜರ್ ನಂಬಿದ್ದರು.

ನನಗೆ ಇದು ಸಹಿಸಲಾಗಲಿಲ್ಲ. ಊಟದ ಹೊತ್ತಿಗೆ ವಿಷಯ ಎತ್ತಿದೆ.

"ಅಕ್ಕಾರ, ಒಬ್ಬರ ಕಣ್ಣಿನ ಸಲುವಾಗಿ ಎಲ್ಲಾರೂ ಅರ್ಧಾ ಶೀಟ್ ನೋಡೂದು ನ್ಯಾಯ ಏನ್ರಿ?"

"ನ್ಯಾಯ ಅಂತ ಯಾರ ಅಂದ್ರು? ನನಗ ಆರಾಮ ಐತಿ, ಅಷ್ಟ."

"ಹಂಗಾದ್ರ ಚಾಳೀಸ್ ತಗೋರಿ."

"ಚಾಳೀಸ್ ಹಾಕ್ಕೊಂಡ್ರ ಮೂಗು ಕೆಂಪಾಗ್ತೈತಿ. ನೀ ಶೇಂಗಾ ಚಟ್ನಿ ಹಾಕ್ಕೋ."

"ವಿಷಯ ಬದಲಿಸಬ್ಯಾಡ್ರಿ. ಪೂರಾ ಶೀಟ್ ಕಾಣಬೇಕೋ ಬ್ಯಾಡೋ?"

ಅಕ್ಕಾರು ರೊಟ್ಟಿ ಮುರಿಯುತ್ತ ನನ್ನನ್ನೇ ನೋಡಿದರು. "ಎಲ್ಲಾ ಕಂಡ್ರ ಏನ್ ಮಾಡ್ತಿ ತಂಗಿ?"

ಇದು ಉತ್ತರವಲ್ಲ, ಪ್ರಶ್ನೆಯಿಂದ ಜಾರಿಕೊಳ್ಳುವ ಹಳೆಯ ತಂತ್ರ ಎಂದುಕೊಂಡೆ. ಅಂಕ ನನಗೇ ಕೊಟ್ಟುಕೊಂಡೆ.

ಮುಂದಿನ ಮೀಟಿಂಗಿನಲ್ಲಿ ಮ್ಯಾನೇಜರ್ ಗೋಡೆ ನೋಡಿ, "ಯೇ ಶೀಟ್ ಹೈ ಯಾ ಸಿನಿಮಾ ಕಾ ಪೋಸ್ಟರ್? " ಎಂದು ರೇಗಿ, ಇದನ್ನು ಯಾರಾದರೂ ಸರಿ ಮಾಡುತ್ತೀರಾ ಎಂದು ಕೇಳಿದ್ದೇ ತಡ, ನನ್ನ ಕೈ ಮೇಲಿತ್ತು. ಪಕ್ಕದಲ್ಲಿ ಅಕ್ಕಾರು ಮೆಲ್ಲಗೆ, "ಕೈ ಕೆಳಗ ಇಳಸವ್ವಾ" ಅಂದರು. ಹೊಟ್ಟೆಕಿಚ್ಚು ಎಂದುಕೊಂಡೆ.

ವಾರವೆಲ್ಲ ಮನಸ್ಸಿಟ್ಟು ಮಾಡಿದೆ. ಹಳೆಯ ತಿಂಗಳೊಂದರ ಶೀಟನ್ನು ಎದುರಿಗಿಟ್ಟುಕೊಂಡು ಅಕ್ಷರ ಕುಗ್ಗಿಸಿದೆ, ಬೊಜ್ಜು ಬಂದ ಕಾಲಂಗಳನ್ನು ಒತ್ತಿ ತೆಳ್ಳಗೆ ಮಾಡಿದೆ, ಎಷ್ಟು ಕೆಳಗೆ ಹೋದರೂ ತಲೆಬರಹದ ಸಾಲು ಅಲ್ಲೇ ನಿಲ್ಲುವಂತೆ ಬಿಗಿದೆ. ಕೊನೆಗೆ ಕಿರೀಟ ಇಟ್ಟಂತೆ ಒಂದು ಏರ್ಪಾಡು: ಕೊನೆಯ ಕಾಲಂನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಆ ಚೌಕಗಳು ತಾವಾಗಿಯೇ ಕೆಂಪಾಗಬೇಕು. ಸೋಮವಾರ ಬೆಳಿಗ್ಗೆ ಅದನ್ನೆಲ್ಲ ನಡೆಯುತ್ತಿದ್ದ ತಿಂಗಳ ಶೀಟಿಗೆ ದಾಟಿಸಿ ನಾನೇ ಸೇವ್ ಮಾಡಿದೆ. ಕೊನೆಯ ಕಾಲಂನಲ್ಲಿ ಏನಿದೆ ಎಂದು ಓದಲಿಲ್ಲ. ನಾನು ಹೋರಾಡುತ್ತಿದ್ದುದು ತತ್ವಕ್ಕಾಗಿ.

ಗೋಡೆಯ ಮೇಲೆ ಶೀಟು ಬಿತ್ತು. ಎಡದಿಂದ ಬಲದವರೆಗೆ ಪೂರ್ತಿ, ಅಚ್ಚುಕಟ್ಟಾಗಿ. ಬಲದ ತುದಿಯಲ್ಲಿ ಮೇಲಿಂದ ಕೆಳಗೆ ಕೆಂಪು, ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿಯ ಹಾಗೆ.

"ಯೇ ಲಾಲ್ ಲಾಲ್ ಕ್ಯಾ ಹೈ?" ಮ್ಯಾನೇಜರ್ ಆ ಕೆಂಪಿಗೆ ಬೆರಳು ಮಾಡಿದರು.

ವಿವರಿಸಲು ಬಿಟ್ಟರೆ ನಾನು ಓದುವುದಕ್ಕೂ ಕಾಯುವವಳಲ್ಲ. "ಸರ್, ಪದೇ ಪದೇ ತಡ ಮಾಡುವವರು ಯಾರು ಅಂತ ಒಂದೇ ನೋಟಕ್ಕೆ ಗೊತ್ತಾಗಲಿ ಅಂತ" ಎಂದೆ. ಅಕ್ಕಾರು ನನ್ನ ಕಡೆ ತಿರುಗಿದರು. ಕಟುಕನ ಅಂಗಡಿಗೆ ತಾನೇ ನಡೆದು ಬಂದು ದರ ವಿಚಾರಿಸುವ ಆಡನ್ನು ನೋಡಿದಂತಿತ್ತು ಆ ನೋಟ.

ಕೆಂಪಾಗಿದ್ದದ್ದೆಲ್ಲ ನನ್ನ ಹೆಸರು. ಅದರ ಮುಂದೆ ಅಕ್ಕಾರು ಪ್ರಾಮಾಣಿಕವಾಗಿ ತುಂಬಿದ್ದ ಕಾರಣ. ಮ್ಯಾನೇಜರ್ ಗಟ್ಟಿಯಾಗಿ ಓದಿದರು: ಗೇಟಿನವರೊಂದಿಗೆ ವಾದ. ಡ್ರೈವರನೊಂದಿಗೆ ವಾದ. ಮತ್ತೆ ಗೇಟಿನವರೊಂದಿಗೆ ವಾದ.

ನಿಜ, ನಡೆದಿತ್ತು. ಲಾರಿ ಒಳಗೆ ಬಿಡಲು ಡ್ರೈವರನ ಗುರುತಿನ ಚೀಟಿ ಸಾಕು ಎಂದು ನಿಯಮ. ಕಾರ್ಖಾನೆಯ ಗೇಟಿನವನು ಕ್ಲೀನರನದೂ ಬೇಕೆನ್ನುತ್ತಿದ್ದ. ಎಲ್ಲಿ ಬರೆದಿದೆ ತೋರಿಸು ಎಂದು ನಾನು ಫೋನಿನಲ್ಲೇ ಅವನನ್ನು ಮೂಲೆಗೆ ಒತ್ತುತ್ತಿದ್ದೆ. ಪ್ರತಿ ಸಲ ಗೆದ್ದಿದ್ದೆ. ಪ್ರತಿ ಸಲವೂ ನನ್ನ ಗೆಲುವು ಮುಗಿಯುವ ತನಕ ಲಾರಿ ಗೇಟಿನಲ್ಲೇ ನಿಂತಿತ್ತು.

"ಸರ್, ಆ ಗೇಟಿನ ನಿಯಮದಲ್ಲಿ..." ಎಂದು ಶುರು ಮಾಡಿದೆ. ಮೇಜಿನ ಕೆಳಗೆ ಅಕ್ಕಾರ ಚಪ್ಪಲಿ ನನ್ನ ಪಾದದ ಮೇಲೆ ಕೂತಿತು.

"ಅಬ್ ಭೀ?" ಅಂದರು ಮ್ಯಾನೇಜರ್, ಈಗಲೂ ವಾದವೇ ಎಂಬಂತೆ.

ತಿಂಗಳ ಕೊನೆಗೆ ಸಹಿ ಬೀಳಲಿಲ್ಲ. ಇನ್ನಷ್ಟು ಕಾಲ ನೋಡೋಣ ಎಂದರು.

ಅದರ ಮುಂದಿನ ಸೋಮವಾರ ಗೋಡೆ ತುಂಬ ಮತ್ತೆ ಲಾರಿ ನಂಬರು, ಊರು, ಗೇಟಿನ ಸಮಯ. ಮ್ಯಾನೇಜರ್ ಹುಬ್ಬೇರಿಸಿದರು. ಅಕ್ಕಾರು ಎರಡೂ ಕಣ್ಣು ಒತ್ತಿಕೊಂಡು, "ಸರ್, ಆಂಖ್" ಅಂದರು. ಮ್ಯಾನೇಜರ್ ಕೈ ಬೀಸಿ ಮುಂದಿನ ವಿಷಯಕ್ಕೆ ಹೋದರು. ನಾನು ಮೇಜಿಗೆ ಮರಳಿ ಶೀಟನ್ನು ಬಲಕ್ಕೆ ಸರಿಸಿ ನೋಡಿದೆ: ಕೊನೆಯ ಕಾಲಂ ಅಲ್ಲೇ ಇತ್ತು, ಒಂದಕ್ಷರವೂ ತಿದ್ದಿರಲಿಲ್ಲ. ಆ ವಾರ ತಡ ಮಾಡಿದವನು ನನ್ನಂತೆಯೇ ಕಾಯಂ ಆಗದ ಇನ್ನೊಬ್ಬ ಹೊಸಬ.

ಆಮೇಲೆ ಒಂದು ಗುರುವಾರ ಯಾರದೋ ಹುಟ್ಟುಹಬ್ಬ. ಕೇಕಿನ ಪೊಟ್ಟಣ ಕೈಯಿಂದ ಕೈಗೆ ಬಂತು. ಅಕ್ಕಾರು ಅದನ್ನು ತಿರುಗಿಸಿ, ಇರುವೆಯ ಸಾಲಿನಂಥ ಅಕ್ಷರಗಳ ಮೇಲೆ ಕಣ್ಣಾಡಿಸಿ, "ಇದರಾಗ ತತ್ತಿ ಐತಿ, ಇವತ್ತ ನಾ ತಿನ್ನಂಗಿಲ್ಲ" ಎಂದು ನನಗೆ ದಾಟಿಸಿದರು. ಮೊಟ್ಟೆ ಇರುವುದು ಪೊಟ್ಟಣದ ಮೇಲಿನ ಸಸ್ಯಾಹಾರ-ಮಾಂಸಾಹಾರದ ಗುರುತಿನ ಬಣ್ಣದಿಂದಲೂ ತಿಳಿಯಬಹುದು ಎಂದು ನನಗೆ ನಾನೇ ಆಕ್ಷೇಪಿಸಿದೆ. ಅಷ್ಟರಲ್ಲಿ ಅವರು, "ನೀನೂ ಬ್ಯಾಡ ತಂಗಿ, ತಾರೀಖ ಮುಗದೈತಿ" ಅಂದರು. ಆ ತಾರೀಖನ್ನು ಓದಲು ನಾನು ಕಿಟಕಿಯ ಹತ್ತಿರ ಹೋಗಬೇಕಾಯಿತು.

ಅವತ್ತು ಸಂಜೆ ಇಬ್ಬರೂ ಮೆಟ್ರೋದಲ್ಲಿ ಹೊರಟೆವು. ಅಮೀರ್‌ಪೇಟೆಯಲ್ಲಿ ರೈಲು ಬದಲಿಸಿದ ಮೇಲೆ ಅಕ್ಕಾರಿಗೆ ಸೀಟು ಸಿಕ್ಕಿತು. ನಾನು ಮೇಲಿನ ಹಿಡಿಕೆಗೆ ಜೋತುಬಿದ್ದು ಅವರ ಎದುರು ನಿಂತೆ. ಅವರು ಮೊಬೈಲಿನಲ್ಲಿ ಏನೋ ಓದುತ್ತ ನಗುತ್ತಿದ್ದರು. ಬಗ್ಗಿ ನೋಡಿದೆ. ಅಕ್ಷರ ನನ್ನ ಮೊಬೈಲಿನದಕ್ಕಿಂತ ಸಣ್ಣದಿತ್ತು.

"ಅಕ್ಕಾರ, ವಾದಾ ಅಲ್ಲ, ಸುಮ್ಮ ಕೇಳಾಕತ್ತೀನಿ. ಆ ಶೀಟ್ ನಿಮಗ ಕಾಣಂಗಿಲ್ಲ ಅಂತ ದೊಡ್ಡದು ಮಾಡೀರೋ, ನಾವು ಹೊಸಬರು ಮ್ಯಾನೇಜರಿಗೆ ಕಾಣಬಾರದು ಅಂತ ಮಾಡೀರೋ?"