ಒಂದೇ ಅಳತೆಯ ಎರಡು ಬೆನ್ನು

ಆರ್ವಿಡ್ ಹಾಗೆನ್ ನಮ್ಮೂರಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ನಿವೃತ್ತರಾಗುವ ತನಕ ಶಾಲೆಯ ಬಸ್ಸು ಓಡಿಸಿದವರು. ಊರಿನ ಅರ್ಧ ಜನ ಆ ಹಳದಿ ಬಸ್ಸಿನಲ್ಲೇ ಹಾಲುಹಲ್ಲು ಉದುರಿಸಿಕೊಂಡು ದೊಡ್ಡವರಾದವರು. ಹಾಗಾಗಿ ಅವರ ಪಾಲಿಗೆ ಬ್ಯಾಂಕಿನ ಮ್ಯಾನೇಜರಮ್ಮ ಇವತ್ತಿಗೂ ‘ಕಿಟಕಿ ಬದಿ’, ಕಾಫಿ ಅಂಗಡಿಯ ಗಸ್ ‘ಹಿಂದಿನ ಬೆಂಚು’, ನಾನು ‘ಮೂರನೇ ಸೀಟು’. ನನಗೀಗ ಐವತ್ತು ದಾಟಿದೆ. ತಲೆಯ ಮೇಲೆ ಕೂದಲಿಗಿಂತ ಟೋಪಿಯೇ ಹೆಚ್ಚು ಕಾಲ ಬಾಳಿದೆ. ಆದರೂ ಆರ್ವಿಡ್ ಅಂಗಡಿಯ ಬಾಗಿಲು ತಳ್ಳಿ ಒಳಗೆ ಬಂದರೆಂದರೆ ನಾನು ಬಾಯಲ್ಲಿರುವ ಚೂಯಿಂಗ್ ಗಮ್ಮನ್ನು ಗುಟ್ಟಾಗಿ ನುಂಗಿಬಿಡುತ್ತೇನೆ.

ಅಂಗಡಿ ನನ್ನದಲ್ಲ. ಮೊಂಟಾನಾದ ಈ ಕ್ಯಾಮಸ್ ಬೆಂಡ್ ಎಂಬ ಊರಿನ ಹಿಂಡಿ ಬೂಸದ ಅಂಗಡಿಯಲ್ಲಿ ನಾನು ಕೆಲಸಕ್ಕಿರುವವನು. ಮುಂದುಗಡೆ ದನದ ಹಿಂಡಿ, ಕೋಳಿಯ ಕಾಳು, ಕುದುರೆಯ ಓಟ್ಸು. ಹಿಂದುಗಡೆ ಬೇಟೆಯ ಸಾಮಾನು. ಬೆನ್ನುಚೀಲಗಳ ವಿಷಯದಲ್ಲಿ ನಾನೇ ತಜ್ಞ. ಊರಿನಲ್ಲೇ ಅತಿ ಕೆಟ್ಟ ಬೆನ್ನುಚೀಲ ಕೊಂಡ ಅನುಭವ ನನ್ನದಾದ್ದರಿಂದ ಈ ಪದವಿ ಬಂತು. ನನ್ನ ಚೀಲಕ್ಕೆ ಎಷ್ಟು ಜೇಬುಗಳಿವೆಯೆಂದು ನನಗೇ ಗೊತ್ತಿಲ್ಲ. ಹೋದ ಸಲ ಅದರೊಳಗಿಟ್ಟ ಚಾಕು ಇನ್ನೂ ಸಿಕ್ಕಿಲ್ಲ. ಅದಕ್ಕೂ ಹಿಂದೆ ಇಟ್ಟಿದ್ದ ಚೀಸು ಮಾತ್ರ ಬೇಸಿಗೆ ಬಂದಾಗ ತಾನಿರುವ ಜಾಗವನ್ನು ತಾನೇ ತಿಳಿಸಿತು.

ನಮ್ಮಲ್ಲಿ ಬೇಟೆಯ ಚೀಲ ಕೊಳ್ಳುವುದು ಮದುವೆಯಷ್ಟೇ ಬಹಿರಂಗ ವ್ಯವಹಾರ. ಖಾಲಿ ಚೀಲ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಎಲ್ಲ ಚೀಲವೂ ಹಿತವಾಗಿಯೇ ಇರುತ್ತದೆ. ಬೆಟ್ಟ ಹತ್ತುವಾಗ ಅದರಲ್ಲಿರುವುದು ಒಂದು ಕಂಬಳಿ, ನಾಲ್ಕು ಬ್ರೆಡ್ಡು. ಇಳಿಯುವಾಗ ಇರುವುದು ಎಲ್ಕಿನ ತೊಡೆ. ಕುದುರೆಯಷ್ಟು ಎತ್ತರದ ಆ ಜಿಂಕೆಯ ಒಂದು ತೊಡೆ ಹೊತ್ತವನಿಗೆ ತನ್ನ ಮೊಣಕಾಲು ಎಲ್ಲೆಲ್ಲಿದೆ ಎಂದು ಚೆನ್ನಾಗಿ ತಿಳಿಯುತ್ತದೆ. ಹೊಡೆದ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬಂದರೆ ಕಾನೂನು ಬಿಡುವುದಿಲ್ಲ. ಕಾನೂನು ಬಿಟ್ಟರೂ ಊರು ಬಿಡುವುದಿಲ್ಲ. ಆದ್ದರಿಂದ ಗಿರಾಕಿ ಆರಿಸಿದ ಚೀಲಕ್ಕೆ ನಾವು ದನ ನೆಕ್ಕುವ ಉಪ್ಪಿನ ಗಟ್ಟಿಗಳನ್ನು ತುಂಬುತ್ತೇವೆ. ಅವನು ಅದನ್ನು ಹೊತ್ತು ಎದುರಿನ ಏರಿನಲ್ಲಿ ಊರಿನ ನೀರಿನ ಟ್ಯಾಂಕಿನವರೆಗೆ ಹೋಗಿ, ಟ್ಯಾಂಕನ್ನು ಮುಟ್ಟಿ ಬರಬೇಕು. ಆ ಏರುದಾರಿ ಪೂರ್ತಿ ಗಸ್‌ನ ಕಾಫಿ ಅಂಗಡಿಯ ಕಿಟಕಿಗೆ ಕಾಣುತ್ತದೆ. ಬೇಟೆಯ ಕಾಲ ಶುರುವಾಗುವ ಮುಂಚೆ, ಆಗಸ್ಟ್ ಕೊನೆಗೆ, ಆ ಕಿಟಕಿ ಪಕ್ಕದ ಮೇಜು ಯಾರಿಗೂ ಸುಲಭಕ್ಕೆ ಸಿಗುವುದಿಲ್ಲ.

ಬೇಟೆಗೆ ಹೋಗುವವರಿಗೆ ಆರ್ವಿಡ್‌ರ ನಿಯಮ ಎರಡೇ. ಬಸ್ಸಿನ ಕನ್ನಡಿಯಲ್ಲಿ ನಮ್ಮನ್ನೆಲ್ಲ ನೋಡುತ್ತ ಅವರು ಅದನ್ನು ಎಷ್ಟು ಸಲ ಹೇಳಿದ್ದರೆಂದರೆ ನಮಗೆ ಮಗ್ಗಿಗಿಂತ ಮೊದಲು ಅದು ಬಾಯಿಪಾಠ ಬಂತು. ಹೊರಲಾರದವನು ಗುಂಡು ಹಾರಿಸಬಾರದು. ಹೊಡೆದವನದೇ ಮೊದಲ ಹೊರೆ.

ಅವರ ಹಳೆಯ ಚೀಲ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟಿನದು. ಹೆಗಲಪಟ್ಟಿಗಳಲ್ಲಿ ಒಂದನ್ನು ಅವರ ಹೆಂಡತಿ ಲವೋನ್ ಬಸ್ಸಿನ ಸೀಟಿನ ಬೆಲ್ಟಿನಿಂದ ಹೊಲಿದುಕೊಟ್ಟಿದ್ದರು. ಹೋದ ಹೇಮಂತದಲ್ಲಿ, ಹೊರೆ ಹೊತ್ತು ಇಳಿಯುವಾಗ ಆ ಚೌಕಟ್ಟಿನ ಬೆಸುಗೆ ಬಿಟ್ಟು, ಭಾರವೆಲ್ಲ ಒಂದೇ ಕಡೆ ವಾಲಿ, ಆರ್ವಿಡ್ ಕಲ್ಲುಗಳ ಮೇಲೆ ಉರುಳಿದರು. ಬೆನ್ನುಮೂಳೆಗೆ ಏಟಾಯಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ; ತಾನು ಬಿದ್ದದ್ದಲ್ಲ, ಚೀಲ ಬಿದ್ದದ್ದು, ತಾನು ಅದಕ್ಕೆ ಜೊತೆಯಾಗಿ ಹೋದೆ ಎನ್ನುತ್ತಿದ್ದರು. ಡಾಕ್ಟರು ಮಾತ್ರ, ನೀರು ತುಂಬಿದ ಬಕೆಟ್ಟಿಗಿಂತ ಭಾರದ್ದನ್ನು ಇನ್ನು ಎತ್ತಬೇಡಿ ಎಂದಿದ್ದರು.

ಈಗ ಅವರು ಹೊಸ ಚೀಲಕ್ಕೆ ಬಂದಿದ್ದರು. ಹಿಂದೆಯೇ ಲವೋನ್, ಕೋಳಿಯ ಕಾಳಿಗೆ. ಲವೋನ್ ಎಂದರೆ ಕೋಳಿಗೂಡಿಗೆ ಬಂದ ನರಿಯನ್ನು ಅಡುಗೆಮನೆಯ ಕಿಟಕಿಯಿಂದಲೇ ಹೊಡೆದು, ಒಲೆಯ ಮೇಲಿನ ಸಾರು ಉಕ್ಕುವುದರೊಳಗೆ ಮತ್ತೆ ಸೌಟು ಹಿಡಿದವರು. ಆದರೆ ಗಂಡನ ಜೊತೆ ಬೆಟ್ಟಕ್ಕೆ ಒಮ್ಮೆಯೂ ಹೋದವರಲ್ಲ.

“ಮೂರನೇ ಸೀಟು,” ಎಂದರು ಆರ್ವಿಡ್, “ಎಲ್ಲಕ್ಕಿಂತ ದೊಡ್ಡದು ತೆಗಿ.”

“ದೊಡ್ಡದು ಬೇಡ ಆರ್ವಿಡ್. ಜಾಗ ಇದ್ರೆ ತುಂಬ್ತೀರಿ. ನನ್ನದನ್ನ ನೋಡಿ ಬುದ್ಧಿ ಕಲೀರಿ.”

“ನಿನ್ನದು ಚೀಲ ಅಲ್ಲಪ್ಪ, ಕಪಾಟು. ಬೀಗದ ಕೈ ಕಳ್ಕೊಂಡಿರೋ ಕಪಾಟು.”

“ಡಾಕ್ಟರು ಬಕೆಟ್ ಅಂದಿದ್ರು,” ಎಂದು ಲವೋನ್ ಕಾಳಿನ ಮೂಟೆಗಳ ಕಡೆಯಿಂದ ನೆನಪಿಸಿದರು.

“ಎಷ್ಟು ದೊಡ್ಡ ಬಕೆಟ್ ಅಂತ ಹೇಳಿಲ್ಲ.”

ನಾನು ಟೇಪು ತೆಗೆದೆ. ಬೇಟೆಯ ಚೀಲಕ್ಕೆ ಮನುಷ್ಯನ ಎತ್ತರ ಲೆಕ್ಕಕ್ಕಿಲ್ಲ, ಬೆನ್ನಿನ ಉದ್ದ ಮುಖ್ಯ. ಕತ್ತಿನ ಕೆಳಗೆ ಉಬ್ಬಿದ ಮೂಳೆಯಿಂದ ಸೊಂಟದ ಮೂಳೆಯವರೆಗೆ ಅಳೆದು ಅದಕ್ಕೆ ತಕ್ಕಂತೆ ಪಟ್ಟಿಗಳನ್ನು ಕೂರಿಸಬೇಕು. ಆಗಷ್ಟೇ ಭಾರ ಹೆಗಲನ್ನು ಬಿಟ್ಟು ಸೊಂಟಕ್ಕೆ ಇಳಿಯುತ್ತದೆ. ಅಳೆದೆ. ಟೇಪನ್ನು ಇನ್ನೊಮ್ಮೆ ಎಳೆದು ಮತ್ತೆ ಅಳೆದೆ.

“ಏನಂತೆ?” ಎಂದರು ಆರ್ವಿಡ್.

“ಸ್ವಲ್ಪ… ನಿಮ್ಮ ಹಳೇ ಚೀಲದ ಅಳತೆಗಿಂತ ಒಂಚೂರು ಗಿಡ್ಡ ಬರ್ತಿದೆ.”

“ಟೇಪು ಹಿಗ್ಗಿದೆ.”

“ಮನುಷ್ಯ ಕುಗ್ಗಿದಾನೆ,” ಎಂದರು ಲವೋನ್. “ನಾನು ನಿನ್ನ ಪ್ಯಾಂಟಿನ ಅಂಚು ಮಡಚಿ ಹೊಲಿಯೋಕೆ ಶುರು ಮಾಡಿ ಎಷ್ಟು ದಿನ ಆಯ್ತು, ಗೊತ್ತಾಗಲಿಲ್ವಾ?”

ಆರ್ವಿಡ್‌ರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಅವರು ಕೆಳಗೆ ಬಗ್ಗಿ ತಮ್ಮ ಪ್ಯಾಂಟಿನ ಅಂಚನ್ನು ನೋಡಿದರು. ಯಾರಿಗೂ ಹೇಳದೆ ಹಾಕಿದ ಸಣ್ಣ ಸಣ್ಣ ಹೊಲಿಗೆ. ನಾನು ಅವಸರವಸರವಾಗಿ ಪಟ್ಟಿಗಳನ್ನು ಇಳಿಸಿ, ಇದ್ದುದರಲ್ಲಿ ದೊಡ್ಡ ಚೀಲವನ್ನೇ ಹೊಂದಿಸಿ, ಉಪ್ಪಿನ ಗಟ್ಟಿ ಇಟ್ಟೆ. “ಇನ್ನೊಂದು,” ಎಂದರು. ಇಟ್ಟೆ.

ಬಾಗಿಲಲ್ಲಿ ನಿಂತು ಅವರು ನನ್ನೊಬ್ಬನಿಗೇ ಕೇಳುವಂತೆ ಹೇಳಿದರು: “ಟ್ಯಾಂಕು ಮುಟ್ಟಲಿಲ್ಲ ಅಂದ್ರೆ ಬಂದೂಕು ಮಾರಿಬಿಡ್ತೀನಿ. ನಿಯಮ ನಂದೇ.”

“ಮಾಂಸ ನಾನು ಹೊತ್ಕೊಂಡು ಬರ್ತೀನಿ, ನೀವು ಹೊಡೀರಿ.”

“ನೀನು ಹೊತ್ರೆ ನಿನ್ನನ್ನ ಹೊರೋಕೆ ಇನ್ನೊಬ್ಬ ಬೇಕು.”

ಇದು ಸುಳ್ಳಲ್ಲವಾದ್ದರಿಂದ ನಾನು ಬಾಗಿಲು ತೆರೆದು ಹಿಡಿದೆ.

ಅವರು ಹೊರಟರು. ಮೊದಲ ತಿರುವಿನ ತನಕ ಬಸ್ಸು ಓಡಿಸಿದ ಹಾಗೆಯೇ ನಡೆದರು, ಒಂದೇ ವೇಗ, ಆಚೀಚೆ ನೋಡದೆ. ನಾನೂ ಲವೋನೂ ಹತ್ತು ಮಾರು ಹಿಂದೆ. ಕಾಫಿ ಅಂಗಡಿಯ ಕಿಟಕಿಯಲ್ಲಿ ಟೋಪಿಗಳು ಸಾಲುಗಟ್ಟಿದ್ದವು. ಏರಿನ ಅರ್ಧದಲ್ಲಿ ಒಂದು ಲೈಲಾಕ್ ಪೊದೆ ಇದೆ. ಅಲ್ಲಿಗೆ ಬರುವಷ್ಟರಲ್ಲಿ ಅವರ ಕುತ್ತಿಗೆ ಕೆಂಪಾಗಿತ್ತು. ನಿಂತರು. ಮೆಲ್ಲಗೆ ಒಂದು ಮೊಣಕಾಲೂರಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು.

ಅವರು ಹಾಕಿದ್ದದ್ದು ಕೊಟ್ಟಿಗೆಗೆ ಹೋಗುವ ರಬ್ಬರ್ ಬೂಟು. ಅದಕ್ಕೆ ಲೇಸು ಇರುವುದಿಲ್ಲ.

ಬೆರಳುಗಳು ಇಲ್ಲದ ಲೇಸನ್ನು ಎಳೆದವು, ಗಂಟು ಹಾಕಿದವು, ಬಿಗಿಯಾಯಿತೋ ಎಂದು ಮುಟ್ಟಿ ನೋಡಿದವು. ನಾನು ಪೊದೆಯ ಎಲೆಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಕೆಳಗೆ ಕಿಟಕಿಯ ಟೋಪಿಗಳು ಒಂದೊಂದಾಗಿ ಮರೆಯಾದವು. ಗಸ್ ಪರದೆ ಎಳೆದುಬಿಟ್ಟಿದ್ದ. ಊರಿಗೂ ಒಂದು ಮರ್ಯಾದೆ ಇದೆ.

ಲವೋನ್ ಹೋಗಿ ಅವರ ಎದುರು ನಿಂತರು.

“ಲೇಸು ಕಟ್ಟಿ ಆಯ್ತಾ?”

“ಆಯ್ತು.”

“ಹಾಗಾದ್ರೆ ಬಕಲ್ ಬಿಚ್ಚು.”

“ಯಾಕೆ?”

“ನನಗೂ ಟ್ಯಾಂಕು ಮುಟ್ಟಬೇಕು ಅನ್ನಿಸಿದೆ.”

ಆರ್ವಿಡ್ ಬೇಡವೆನ್ನಲು ಬಾಯಿ ತೆರೆದರು. ಉಸಿರಿಗೇ ಬಾಯಿ ಸಾಲದಿದ್ದುದರಿಂದ ಬಕಲ್ಲನ್ನೇ ಬಿಚ್ಚಿದರು. ಲವೋನ್ ಚೀಲವನ್ನು ಪೊದೆಯ ಪಕ್ಕದ ಕಲ್ಲಿಗೆ ಒರಗಿಸಿ, ಉಪ್ಪಿನ ಗಟ್ಟಿ ಒಂದನ್ನು ತೆಗೆದು ನನ್ನ ಕೈಗೆ ತುರುಕಿದರು. ಕೂತು, ಪಟ್ಟಿಗಳಿಗೆ ತೋಳು ತೂರಿಸಿ, ಸೊಂಟದ ಪಟ್ಟಿ ಬಿಗಿದು ಎದ್ದರು. ನಾನು ಅಳತೆ ಬದಲಿಸಲು ಮುಂದೆ ಹೋದೆ. ಬದಲಿಸುವುದಕ್ಕೆ ಏನೂ ಇರಲಿಲ್ಲ. ಗಂಡನಿಗೆಂದು ನಾನು ಕೂರಿಸಿದ ಪಟ್ಟಿ ಹೆಂಡತಿಯ ಬೆನ್ನಿಗೆ ಹೊಲಿದ ಹಾಗೆ ಕೂತಿತ್ತು.

ಲವೋನ್ ಮೇಲೆ ಹೋಗಿ ಟ್ಯಾಂಕನ್ನು ಅಂಗೈಯಿಂದ ಎರಡು ಸಲ ಬಡಿದರು, ಕುದುರೆಯ ಕುತ್ತಿಗೆ ತಟ್ಟುವ ಹಾಗೆ. ಇಳಿದು ಬಂದು ಪೊದೆಯ ಹತ್ತಿರ ಚೀಲ ಬಿಚ್ಚಿದರು.

“ಈಗ ನಿಂದು,” ಎಂದರು. “ಅಂಗಡಿ ತನಕ.”

“ಇದು ಆಟ ಅಲ್ಲ ಕಣೇ. ಹೊರೋಕಾಗದವನು…”

“ಹೊರೋಕಾಗದವನು ಹಾರಿಸಬಾರದು. ಗೊತ್ತು. ನಿನ್ನ ಬಸ್ಸಲ್ಲಿ ಕೂತಿಲ್ಲದಿದ್ರೂ ನಿನ್ನ ಮನೇಲಿ ಕೂತಿದೀನಿ. ಎಷ್ಟು ಬೆನ್ನು ಅಂತ ನಿಯಮದಲ್ಲಿ ಹೇಳಿದೀಯಾ?”

ಆರ್ವಿಡ್ ಯೋಚಿಸಿದರು. ಹೇಳಿರಲಿಲ್ಲ.

“ನೀನು ತಂದು ಅಡುಗೆಮನೆ ಮೇಜಿನ ಮೇಲೆ ಹಾಕಿದ್ದನ್ನೆಲ್ಲ ಇಷ್ಟು ವರ್ಷ ಎತ್ತಿ, ಕುಯ್ದು, ಕಾಗದ ಸುತ್ತಿದ್ದು ಯಾರು? ಭಾರ ಅಂದ್ರೆ ಏನು ಅಂತ ನನಗೆ ಬೆಟ್ಟ ಹೇಳಿಕೊಡಬೇಕಾಗಿಲ್ಲ.” ಆಮೇಲೆ ದನಿ ತಗ್ಗಿಸಿ, “ಹೋದ ಸಲ ನೀನು ಕತ್ತಲಾದ್ರೂ ಬರಲಿಲ್ಲ. ಕಿಟಕೀಲಿ ನಿಂತು ಕಾಯೋದು ನನಗೆ ಇನ್ನು ಆಗಲ್ಲ, ಆರ್ವಿಡ್. ಅದನ್ನ ಯಾವ ಡಾಕ್ಟರೂ ಬಕೆಟ್ಟಲ್ಲಿ ಅಳೆದಿಲ್ಲ.”

ಆರ್ವಿಡ್ ಚೀಲ ಹೊತ್ತುಕೊಂಡರು. ಒಂದೇ ಉಪ್ಪಿನ ಗಟ್ಟಿ. ಇನ್ನೊಂದು ನನ್ನ ಎದೆಗವಚಿಕೊಂಡಿತ್ತು. ಅಂಗಡಿ ಮುಟ್ಟುವಾಗ ಮೂವರಲ್ಲಿ ಹೆಚ್ಚು ಏದುಸಿರು ಬಿಡುತ್ತಿದ್ದವನು ನಾನು.

ದೊಡ್ಡ ಚೀಲ ಮೊಳೆಗೆ ಮರಳಿತು. ಅವರು ತೆಗೆದುಕೊಂಡದ್ದು ಮಧ್ಯಮದ್ದು, ಜೇಬುಗಳು ಕಡಿಮೆ, ಪಟ್ಟಿ ಅದೇ ಅಳತೆಗೆ. ಒಂದೇ ಚೀಲ. ಎರಡು ಕೊಳ್ಳಿ ಎಂದು ವ್ಯಾಪಾರಿಯ ಧರ್ಮಕ್ಕೆ ಹೇಳಿ ನೋಡಿದೆ.

“ಎರಡಿದ್ರೆ ಇಬ್ಬರಿಗೂ ಸುಸ್ತಾಗುತ್ತೆ,” ಎಂದರು ಲವೋನ್. “ಒಂದಿದ್ರೆ ಯಾವಾಗಲೂ ಒಬ್ಬರಿಗೆ ಉಸಿರಿರುತ್ತೆ.”

ಅಕ್ಟೋಬರ್ ಕೊನೆಯಲ್ಲಿ, ಕಾಡಿನ ದಾರಿ ಶುರುವಾಗುವ ಕಡೆ ನಾನು ನನ್ನ ಟ್ರಕ್ಕಿಗೆ ಒರಗಿ ನಿಂತಿದ್ದೆ. ಎಂದಿನಂತೆ ಏನೂ ಹೊಡೆದಿರಲಿಲ್ಲ. ಚಾಕುವೊಂದಿದ್ದರೆ ಸೇಬನ್ನಾದರೂ ಹೆಚ್ಚಬಹುದಿತ್ತು ಎಂದುಕೊಳ್ಳುತ್ತಿದ್ದೆ. ಮೇಲೆ, ಎಲೆ ಹಳದಿಯಾದ ಲಾರ್ಚ್ ಮರಗಳ ನಡುವೆ ಬೇಟೆಗಾರರು ಹಾಕುವ ಎರಡು ಕಿತ್ತಳೆ ಬಣ್ಣದ ಟೋಪಿಗಳು ಕಂಡವು. ಮುಂದೆ ಲವೋನ್, ಬೆನ್ನ ಮೇಲೆ ಚೀಲ. ಹಿಂದೆ ಆರ್ವಿಡ್, ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕಾಫಿಯ ಫ್ಲಾಸ್ಕು. ಮುಖ ದುಮ್ಮಾನದ್ದು, ನಡಿಗೆ ಹುಡುಗರದ್ದು.

“ದೊಡ್ಡ ಕೊಂಬಿನ ಎಲ್ಕ್ ನಿಂತಿತ್ತು ಮೂರನೇ ಸೀಟು, ಅಲ್ಲೇ, ಕಲ್ಲೆಸೆಯೋ ದೂರದಲ್ಲಿ,” ಎಂದರು. “ಕಣ್ತುಂಬ ನೋಡಿ, ಹಾರಿಸದೆ ಕಳಿಸಿಕೊಟ್ಟೆ. ಎರಡು ಬೆನ್ನಿಗೂ ಅದು ಜಾಸ್ತಿ. ಆಮೇಲೆ ಇವಳು ಒಂದು ಸಣ್ಣ ಹೆಣ್ಣು ಜಿಂಕೆ ಹೊಡೆದ್ಲು.”

“ಮತ್ತೆ ಚೀಲ ಅವರ ಹತ್ರಾನೇ ಇದೆ? ನಿಮ್ಮ ಸರದಿ ಇಲ್ವಾ?”

“ಹೊಡೆದವರದೇ ಮೊದಲ ಹೊರೆ,” ಎಂದು ಲವೋನ್ ನಿಲ್ಲದೆ ನಡೆದರು. “ನಿಯಮ ಅಂದ್ರೆ ನಿಯಮ. ಇವನು ಮೇಲಿನಿಂದ ಚೀಲ ಕೊಡು ಅಂತ ಬೇಡಿಕೊಂಡು ಬರ್ತಿದಾನೆ.”

ತಂದ ಮಾಂಸವನ್ನು ತಮ್ಮ ಟ್ರಕ್ಕಿಗೆ ಇಳಿಸಿದರು. ಉಳಿದ ಹೊರೆಗೆ ಮತ್ತೆ ಹತ್ತಬೇಕಿತ್ತು. ಆರ್ವಿಡ್ ಖಾಲಿ ಚೀಲವನ್ನು ಬೆನ್ನಿಗೇರಿಸಿ, ಬಕಲ್ ಹಾಕಿ, ಸೊಂಟದ ಪಟ್ಟಿಯನ್ನು ಎಳೆದು ನೋಡಿದರು. ಸಡಿಲ ಮಾಡಬೇಕಾಗಲಿಲ್ಲ, ಬಿಗಿ ಮಾಡಬೇಕಾಗಲಿಲ್ಲ.

“ನಿನ್ನ ಅಳತೆ ತಪ್ಪು ಕಣೋ,” ಎಂದರು ನನಗೆ. “ನಾನೇನೂ ಕುಗ್ಗಿಲ್ಲ. ಅವಳು ಬೆಳೆದಿದಾಳೆ.”

ಲವೋನ್ ಆಗಲೇ ಹತ್ತತೊಡಗಿದ್ದರು. ಆರ್ವಿಡ್ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, ಕುಡಿದು ಮುಗಿಸಬೇಡವೆಂದು ಹೇಳಿ, ಅವರ ಹಿಂದೆ ಹೊರಟರು.