ಲಿಂಬೆಹಣ್ಣು ಚುಚ್ಚಿದ ಪಕ್ಕಡ

ನನ್ನ ಸೊಂಟದ ಬಲಗಡೆ ಒಂದು ಸಣ್ಣ ಚರ್ಮದ ಚೀಲ ಇರುತ್ತದೆ. ಅದರೊಳಗೆ ಮಡಚುವ ಪಕ್ಕಡ, ಅಂದರೆ ಇಕ್ಕಳ. ಬಿಚ್ಚಿದರೆ ಪಕ್ಕಡ, ಹಿಡಿಕೆಯೊಳಗಿಂದ ಉಗುರಿನಿಂದ ಎಳೆದರೆ ಚಾಕು, ಸ್ಕ್ರೂಡ್ರೈವರ್, ಬೆರಳುದ್ದದ ಗರಗಸ. ದ್ರಾಕ್ಷಿ ತೋಟಗಳಿಗೆ ಡ್ರಿಪ್ ಪೈಪು ಜೋಡಿಸುವುದು ನನ್ನ ಕೆಲಸ. ಇಬ್ರಾಹಿಂಪುರದ ಮನೆಯಿಂದ ಬೆಳಿಗ್ಗೆ ಬೈಕ್ ತೆಗೆದರೆ ಒಂದು ದಿನ ತಿಕೋಟಾ, ಮತ್ತೊಂದು ದಿನ ಬಬಲೇಶ್ವರ, ನಿಡೋಣಿ. ಅಳಿಲು ಕಡಿದ ಪೈಪು ಕೊಯ್ದು ಜಾಯಿಂಟ್ ಹಾಕುವುದು, ಉಪ್ಪು ಕಟ್ಟಿದ ಫಿಲ್ಟರ್ ಬಿಚ್ಚುವುದು, ತಂತಿ ಬಿಗಿಯುವುದು, ಎಲ್ಲಕ್ಕೂ ಅದೇ. ಅದಿಲ್ಲದೆ ಹೊಸ್ತಿಲು ದಾಟಿದರೆ ಪ್ಯಾಂಟು ಹಾಕಿಕೊಳ್ಳುವುದನ್ನೇ ಮರೆತೆನೋ ಏನೋ ಎಂಬಂತೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ.

ಮೊದಲು ನನ್ನ ಹತ್ತಿರ ಇದ್ದದ್ದು ಬರೀ ಒಂದು ಮಡಚುವ ಚಾಕು. ಗಾಂಧಿ ಚೌಕದ ಸಂದಿಯೊಂದರಲ್ಲಿ ಕೊಂಡದ್ದು, ಹಿಡಿಕೆ ಸೀಳಿದಾಗ ಕರಿ ಟೇಪು ಸುತ್ತಿದ್ದೆ. ಮಗಳ ಪೆನ್ಸಿಲ್ ಹೆರೆದದ್ದು ಅದರಲ್ಲೇ, ಮಾವಿನಕಾಯಿ ಹೆಚ್ಚಿಕೊಟ್ಟದ್ದೂ ಅದರಲ್ಲೇ. ಅವಳು ಓದಿ, ಖಾಸಗಿ ಶಾಲೆಯಲ್ಲಿ ಶಿಕ್ಷಕಿಯಾಗಿ, ಮೊದಲ ಪಗಾರದಲ್ಲಿ ಅವ್ವನಿಗೆ ಸೀರೆ ತಂದಳು, ನನಗೆ ಈ ಪಕ್ಕಡ ತರಿಸಿದಳು. ಡಬ್ಬಿ ತೆರೆದು ನನ್ನ ಮುಂದೆ ನೆಲದ ಮೇಲೆ ಇಟ್ಟಳು. ಚಾಕು, ಕತ್ತರಿಯಂಥದ್ದನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ತಗೊಂಡವರಿಗೂ ಜಗಳ ಆಗುತ್ತದೆ ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. “ಯಪ್ಪಾ, ಆ ಟೇಪ್ ಸುತ್ತಿದ್ದನ್ನ ಇನ್ನ ಒಗಿ,” ಅಂದಳು. ಆ ದಿನ ನಾನು ತೋಟದಿಂದ ತೋಟಕ್ಕೆ ಅದನ್ನೇ ತೋರಿಸುತ್ತ ತಿರುಗಿದೆ. ತಿಕೋಟಾದ ಒಬ್ಬ ತೋಟದ ಸಾಹುಕಾರರು, ನನಗೆ ವರ್ಷಗಟ್ಟಲೆ ಕೆಲಸ ಕೊಟ್ಟವರು, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಿನಗಿಂತ ನಿನ್ನ ಮಗಳು ಶಾಣ್ಯಾ ಅದಾಳ ಬಿಡು,” ಎಂದಿದ್ದರು.

ಇಷ್ಟೆಲ್ಲ ಹೆಮ್ಮೆ ಇದ್ದವನಿಗೆ ನಾಚಿಕೆ ಎಲ್ಲಿಂದ ಬಂತು ಎಂದು ಕೇಳಬಹುದು. ನಮ್ಮ ಮನೆತನದಲ್ಲಿ ಎಲ್ಲರೂ ನೌಕರಿಯವರು. ಅಣ್ಣ ಬ್ಯಾಂಕಿನಲ್ಲಿ, ತಂಗಿಯ ಗಂಡ ಕಾಲೇಜಿನಲ್ಲಿ. ನಾನೊಬ್ಬ ಪಿಯುಸಿ ಎರಡು ಸಲ ಫೇಲಾಗಿ ಪೈಪಿನ ಕೆಲಸಕ್ಕೆ ಬಿದ್ದವನು. ಯಾರೂ ಬಾಯಿಬಿಟ್ಟು ಅಂದದ್ದಿಲ್ಲ. ಆದರೆ ಲಗ್ನಪತ್ರಿಕೆಯಲ್ಲಿ ಎಲ್ಲರ ಹೆಸರಿನ ಮುಂದೆ ಹುದ್ದೆ ಇರುತ್ತದೆ, ನನ್ನ ಹೆಸರಿನ ಮುಂದೆ ‘ಶ್ರೀ’ ಮಾತ್ರ. ಅಂಥದ್ದು ಒಳಗೊಳಗೇ ಕೊರೆಯುತ್ತದೆ ನೋಡಿ.

ಮಗಳನ್ನು ನೋಡಲು ಬಂದವರು ನಗರದ ಒಳ್ಳೆಯ ಮನೆತನದವರು. ಹುಡುಗ ಹೈಸ್ಕೂಲ್ ಮಾಸ್ತರ, ಅವನ ತಂದೆ ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಅವರು ಕೂತ ಕುರ್ಚಿ ಅಲ್ಲಾಡುತ್ತಿತ್ತು. ಒಂದು ಸ್ಕ್ರೂ ಸಡಿಲ, ಅಷ್ಟೇ. ನನ್ನ ಕೈ ಸೊಂಟಕ್ಕೆ ಹೋಗಿಬಿಟ್ಟಿತ್ತು, ಪಕ್ಕದಲ್ಲಿದ್ದ ಅಣ್ಣ ನನ್ನ ಮೊಣಕಾಲನ್ನು ಅಮುಕಿ ಹಿಡಿದ. ಆಗಲೇ ಹುಡುಗನ ತಂದೆ ಕೇಳಿದರು.

“ತಮ್ಮದು ಡ್ರಿಪ್ ದಂಧೆ ಅಂದ್ರು. ದುಕಾನ ಎಲ್ಲಿ ಐತ್ರಿ?”

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಶುರು ಮಾಡಿದ. “ಅವಂದೇನ್ರಿ, ಗಾಂಧಿ ಚೌಕದಿಂದ ಮಾಲ್ ಎತ್ತತಾನ, ತಿಕೋಟಾ, ಬಬಲೇಶ್ವರ, ಎಲ್ಲಾ ಕಡೆ ಹೋಗತೈತಿ. ಆ ಕಡೆ ತೋಟದವರೆಲ್ಲಾ ಇವನ ಗಿರಾಕಿ.” ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಂದು ಮಾತೂ ಸುಳ್ಳಲ್ಲ, ಒಂದೂ ನಿಜವಲ್ಲ. ಅವರು, “ಹಂಗಾದ್ರ ದೊಡ್ಡ ವ್ಯವಹಾರನ ಐತಿ,” ಅಂದರು. ನಾನು ಚಹಾದ ಬಸಿಯನ್ನು ನೋಡುತ್ತ ಕೂತೆ. ಮಗಳು ಅವಲಕ್ಕಿ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಹುಡುಗ ಹುಡುಗಿ ಮಾಳಿಗೆ ಮೇಲೆ ಹೋಗಿ ಸ್ವಲ್ಪ ಹೊತ್ತು ಮಾತಾಡಿಕೊಂಡು ಬಂದರು. ಇಬ್ಬರ ಮುಖದಲ್ಲೂ ಒಪ್ಪಿಗೆ ಕಾಣುತ್ತಿತ್ತು. ಬಂದವರು ಹೋದ ಮೇಲೆ ನಾನು ಅಣ್ಣನ ಮೇಲೆ ರೇಗಿದೆ. “ದುಕಾನ ಇಲ್ಲಂತ ಹೇಳೂದಕ್ಕ ಏನಾಗಿತ್ತೋ ನಿನಗ?”

“ಲೇ ತಮ್ಮಾ, ಸಾವಿರ ಸುಳ್ಳು ಹೇಳಿ ಒಂದ ಮದವಿ ಮಾಡು ಅಂದಾರ. ನಾ ಒಂದೂ ಹೇಳಿಲ್ಲ. ನಿನಗ ಅಷ್ಟ ಇದ್ದರ ನೀನ ಹೇಳಬೇಕಾಗಿತ್ತು, ಬಾಯಿಗೇನ ಬೀಗ ಹಾಕಿತ್ತೇನು?”

ಅವನು ಹೇಳಿದ್ದು ಸರಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನಾಳೆ ಹೇಳೋಣ, ನಿಶ್ಚಯ ಮುಗಿಯಲಿ, ಬಟ್ಟೆ ಖರೀದಿ ಮುಗಿಯಲಿ ಎಂದು ದಿನ ದೂಡಿದೆ. ನಡುನಡುವೆ ಬೀಗರು ಫೋನು ಮಾಡಿದರೆ ತೋಟದಲ್ಲಿ ಕೆಸರಲ್ಲಿ ನಿಂತು, “ಸ್ವಲ್ಪ ಗಿರಾಕಿ ಅದಾರ್ರಿ,” ಎನ್ನುತ್ತಿದ್ದೆ. ಮಾತು ಮುರಿದರೆ ಗತಿಯೇನು ಎನ್ನುವ ಹೆದರಿಕೆ. ಹುಡುಗ ಒಳ್ಳೆಯವನು, ಮಗಳಿಗೆ ಮನಸ್ಸಿದೆ. ನನ್ನ ಸೊಂಟದ ಚೀಲ ನೋಡಿ ಅವರು ಹಿಂದೆ ಸರಿದರೆ ಆ ಹುಡುಗಿಯ ಮುಖ ಹೇಗೆ ನೋಡಲಿ?

ಮದುವೆಯ ದಿನ ಅಣ್ಣ ಹೊಲಿಸಿಕೊಟ್ಟ ಸಫಾರಿ ಹಾಕಿಕೊಂಡೆ. ಎಂದಿನಂತೆ ಬೆಲ್ಟಿಗೆ ಚೀಲ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ನಿಂತೆ. ಸಫಾರಿಯ ಕೆಳಗೆ ಅದು ಗಡ್ಡೆಯ ಹಾಗೆ ಉಬ್ಬಿತ್ತು. ಬಿಚ್ಚಿದೆ. ಪಕ್ಕಡವನ್ನು ಕಪಾಟಿನ ಮೇಲೆ ಇಟ್ಟೆ. ಯಾರಾದರೂ ನೋಡಿ, “ಇದನ್ನ ಯಾಕ ಬಿಟ್ಟ ಹೊಂಟ್ರಿ?” ಎಂದು ಕೇಳಿಯಾರು ಎಂದು ಅದರ ಮೇಲೆ ಒಂದು ಟವೆಲ್ ಮುಚ್ಚಿದೆ. ಯಾರೂ ಹೇಳಿರಲಿಲ್ಲ. ಹೆಂಡತಿಯೂ ಹೇಳಿರಲಿಲ್ಲ, ಮಗಳೂ ಹೇಳಿರಲಿಲ್ಲ. ನಾನೇ ಮಾಡಿದ್ದು.

ಕಲ್ಯಾಣ ಮಂಟಪದಲ್ಲಿ ಎಲ್ಲ ಸರಿಯಾಗಿ ನಡೆದಿತ್ತು, ಮುಹೂರ್ತ ಹತ್ತಿರ ಬರುವವರೆಗೆ. ಆಗ ಮದುಮಗನ ಅಜ್ಜಿ ಕೂಗಿಕೊಂಡಳು. “ಯವ್ವಾ! ಹುಡುಗನ ಕೈಯಾಗ ಕಠಾರಿ ಎಲ್ಲೈತಿ?”

ನಮ್ಮ ಕಡೆ ಮದುಮಗನ ಕೈಯಲ್ಲಿ ಅರಿಶಿಣ ಹಚ್ಚಿದಾಗಿನಿಂದ ಒಂದು ಕಠಾರಿ ಇರುತ್ತದೆ, ಅದರ ತುದಿಗೆ ಲಿಂಬೆಹಣ್ಣು. ದೃಷ್ಟಿ ತಾಗಬಾರದು, ಗಾಳಿ ಸೋಕಬಾರದು ಎಂದು. ತಲೆಯ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಕೆಳಗಿಡುವಂತಿಲ್ಲ. ಹುಡುಗ ಬಟ್ಟೆ ಬದಲಿಸುವಾಗ ಮನೆಯ ಹಾಸಿಗೆಯ ಮೇಲೆ ಇಟ್ಟವನು ಹಾಗೆಯೇ ಕಾರು ಹತ್ತಿಬಿಟ್ಟಿದ್ದ. ತರಲು ಒಬ್ಬನನ್ನು ಓಡಿಸಿದರು. ಅವನು ಫೋನು ಮಾಡಿ, ರೈಲ್ವೆ ಗೇಟು ಬಿದ್ದಿದೆ, ನಾನು ಈ ಕಡೆಯೇ ನಿಂತಿದ್ದೇನೆ ಎಂದ. ಯಾರೋ ಅಡುಗೆಮನೆಯಿಂದ ಚಾಕು ತಂದರು. ಅಜ್ಜಿ ಮೂಸಿ ನೋಡಿ, “ಉಳ್ಳಾಗಡ್ಡಿ ಹೆಚ್ಚಿದ್ದು, ಒಯ್ಯಿ ಅತ್ತಾಗ,” ಅಂದಳು. ಮದುವೆ ಮಾಡಿಸುವ ಅಯ್ಯನವರು ಗಡಿಯಾರ ನೋಡುತ್ತ, “ಯಾವದಾರ ಕಬ್ಬಿಣ ಆದ್ರ ಸಾಕ್ರೆವಾ, ಹೊತ್ತ ಮೀರತೈತಿ,” ಅಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೊಂಟ ಮುಟ್ಟಿ ನೋಡಿಕೊಂಡೆ. ಖಾಲಿ.

ಅದನ್ನು ನೋಡಿದವರು ತಿಕೋಟಾದ ಆ ಸಾಹುಕಾರರು. ಅವರ ದನಿಯೋ, ತೋಟದ ಆ ತುದಿಯಿಂದ ಈ ತುದಿಗೆ ಕೇಳುವಂಥದ್ದು. “ಏ, ಯಾಕ ಗಾಬರಿ ಆಗ್ತೀರಿ? ಮದುಮಗಳ ಅಪ್ಪ ಇಲ್ಲೇ ನಿಂತಾನಲ್ಲ! ಪೈಪ್ ಕೊಯ್ಯೂ ಚಾಕು ಅವನ ಸೊಂಟ ಬಿಟ್ಟ ಹೋಗಂಗಿಲ್ಲ. ತಗಿಯೋ ಮಾರಾಯಾ!”

ಇಡೀ ಮಂಟಪ ನನ್ನ ಕಡೆ ತಿರುಗಿತು. ಬೀಗರೂ ತಿರುಗಿದರು. ಇವತ್ತು ಮನೆಯಲ್ಲಿ ಉಳಿಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಹಾಳು ಬಾಯಿಂದ ಬಂದದ್ದೇ ಬೇರೆ.

“ನನ್ನ ಹತ್ರ ಚಾಕು ಯಾಕಿರತೈತ್ರಿ? ನೀವು ಯಾರನ್ನ ನೋಡಿ ಯಾರಂತ ತಿಳಕೊಂಡೀರಿ.”

ಅವರು ಅರ್ಧ ಎತ್ತಿದ ಕೈಯನ್ನು ಹಾಗೇ ಇಳಿಸಿದರು. ನಾನೇ ಮನೆಗೆ ಹೋಗಿ, ಕುಂಕುಮ ಹಚ್ಚಿ, ಸಹಕುಟುಂಬ ಬರಬೇಕು ಎಂದು ಕರೆದುಬಂದಿದ್ದ ಮನುಷ್ಯ. ಅವರ ಮುಖ ಸಣ್ಣದಾದದ್ದು ನನಗೆ ಕಾಣಿಸಿತು, ಆದರೂ ನಾನು ಬಿಗಿದುಕೊಂಡು ನಿಂತೆ.

ಆಗ ಬಾಸಿಂಗ ಕಟ್ಟಿಸಿಕೊಂಡು ಕೂತಿದ್ದ ಮಗಳು ಪಕ್ಕದಲ್ಲಿದ್ದ ಗೆಳತಿಯ ಕಡೆ ಕೈಚಾಚಿ ತನ್ನ ಚೀಲ ಇಸಿದುಕೊಂಡಳು. ಒಳಗೆ ಕೈ ಹಾಕಿ ಪಕ್ಕಡ ತೆಗೆದಳು. ತೆಗೆದು ನೆಲಕ್ಕೆ ಹಾಸಿದ್ದ ಚಾಪೆಯ ಮೇಲೆ ಇಟ್ಟಳು.

“ಯಪ್ಪಾ, ಮನ್ಯಾಗ ಮರತ ಬಂದಿದ್ದಿ ನೋಡು. ಬೇಕಾದೀತಂತ ನಾನ ತಂದೇನಿ.”

ಅಜ್ಜಿ ಅದನ್ನು ಎತ್ತಿಕೊಂಡು, “ಇದೇನ ಬೇ, ಪಕ್ಕಡ!” ಅಂದಾಗ ಜನ ಹೋ ಎಂದು ನಕ್ಕರು. ಅದರೊಳಗಿನ ಚಾಕು ಎಳೆಯಲು ಯಾರಿಗೂ ಬರಲಿಲ್ಲ. ನನ್ನ ಕೈಗೇ ಬಂತು. ಉಗುರು ಹಾಕಿ ಎಳೆದೆ, ಲಿಂಬೆಹಣ್ಣು ಚುಚ್ಚಿದೆ, ಅರಿಶಿಣ ಹಚ್ಚಿದೆ. ನನ್ನ ಹತ್ತಿರ ಚಾಕು ಯಾಕಿರುತ್ತದೆ ಎಂದು ಈಗಷ್ಟೇ ಕೇಳಿದವನ ಬೆರಳು ಎಷ್ಟು ಸಲೀಸಾಗಿ ಅದನ್ನು ಬಿಚ್ಚಿತು ಎನ್ನುವುದನ್ನು ಮಂಟಪದವರೆಲ್ಲ ನೋಡಿದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಳಿಯ ಮಾತ್ರ ಆ ಪಕ್ಕಡವನ್ನು ಎದೆಗೆ ಹಿಡಿದು ನೆಟ್ಟಗೆ ನಿಂತ. ಅಕ್ಕಿಕಾಳು ಬಿದ್ದವು. ಮಗಳ ಮದುವೆಯಾಯಿತು, ನಾನು ಅಳಬೇಕಾದ ಹೊತ್ತಿಗೆ ಬರೀ ಬೆವತಿದ್ದೆ.

ಊಟದ ಪಂಕ್ತಿಯಲ್ಲಿ ಹುಗ್ಗಿಯ ಸೌಟು ಹಿಡಿದು ಎಲ್ಲರಿಗೂ ಒತ್ತಾಯ ಮಾಡುತ್ತ ಬಂದೆ. ತಿಕೋಟಾದ ಸಾಹುಕಾರರ ಮುಂದೆ ನಿಂತಾಗ ಅವರು ಎಲೆಯ ಮೇಲೆ ಕೈ ಅಡ್ಡ ಇಟ್ಟರು.

“ಬ್ಯಾಡ್ರಿ. ಗುರುತ ಇಲ್ಲದವರ ಕಡಿಂದ ನಾ ನೀಡಿಸ್ಕೊಳ್ಳಂಗಿಲ್ಲ.”

“ತಪ್ಪಾತ್ರಿ, ಸಾಹುಕಾರ,” ಅಂದೆ. ಅವರು ಬಹಳ ಹೊತ್ತು ನನ್ನನ್ನು ನೋಡಿ ಕೈ ತೆಗೆದರು. ನೀಡಿದೆ. ಉಂಡರು. ಆದರೆ ಮಾತಾಡಲಿಲ್ಲ.

ಮಗಳನ್ನು ಕಳಿಸಿಕೊಡುವ ಹೊತ್ತು ಬಂತು. ಅಳಿಯ ಲಿಂಬೆಹಣ್ಣು ಕಿತ್ತು, ಪಕ್ಕಡವನ್ನು ಅಂಗವಸ್ತ್ರದಿಂದ ಒರೆಸಿ ನನ್ನ ಕೈಗೆ ಕೊಡಲು ಬಂದ. ಮಗಳು ಅವನ ತೋಳು ಹಿಡಿದಳು. “ಕೈಯಾಗ ಕೊಡಬ್ಯಾಡ್ರಿ, ಜಗಳ ಆಗತೈತಿ.” ಅವನು ನನ್ನ ಕಾಲ ಮುಂದೆ ನೆಲದ ಮೇಲೆ ಇಟ್ಟ. ಎಲ್ಲ ಬೀಗರ ಮುಂದೆ ನಾನು ಬಗ್ಗಿ ಅದನ್ನು ಎತ್ತಿಕೊಳ್ಳಬೇಕಾಯಿತು. ಎತ್ತಿಕೊಂಡು ಮೇಲೆದ್ದಾಗ ಬೀಗರು ಎದುರಿಗೇ ಇದ್ದರು. ಇನ್ನು ತಡೆಯಲು ಆಗಲಿಲ್ಲ.

“ಬೀಗರ, ನನಗ ದುಕಾನ ಗಿಕಾನ ಇಲ್ರಿ. ನಾ ಪೈಪ್ ಜೋಡಸಾಂವ. ಮೊದಲ ಹೇಳಬೇಕಾಗಿತ್ತು. ನನ್ನ ಮಗಳದು ಏನೂ ತಪ್ಪಿಲ್ಲ, ಅಕಿಗೆ ಏನೂ ಅನಬ್ಯಾಡ್ರಿ.”

ಅವರು ನನ್ನ ಹೆಗಲ ಮೇಲೆ ಕೈ ಹಾಕಿ ಸ್ವಲ್ಪ ಪಕ್ಕಕ್ಕೆ ಕರೆದುಕೊಂಡು ಹೋದರು. ದನಿ ತಗ್ಗಿಸಿ ಹೇಳಿದರು.

“ಗೊತ್ತೈತ್ರಿ. ನೋಡಾಕ ಬಂದ ದಿವಸನ ಮಾಳಗಿ ಮ್ಯಾಲ ನಿಮ್ಮ ಮಗಳು ನನ್ನ ಮಗಗ ಎಲ್ಲಾ ಹೇಳ್ಯಾಳ. ನಮ್ಮಪ್ಪ ಫಿಟ್ಟರ್ ಕೆಲಸ ಮಾಡ್ತಾನ, ಅದರ ಮ್ಯಾಲ ನನ್ನ ಓದಸ್ಯಾನ, ಒಪ್ಪಿಗಿ ಇದ್ದರ ಮುಂದಿನ ಮಾತು ಅಂತ. ಮತ್ತ ಒಂದ ಮಾತ ಕೇಳಿದ್ಲು. ನಮ್ಮಪ್ಪಗ ನಾಚಿಕಿ ಆಗತೈತಿ, ಅವನಾಗೆ ಹೇಳೂತನಕ ನೀವು ಕೇಳಬ್ಯಾಡ್ರಿ ಅಂತ. ಅದಕ್ಕ ನಾವು ಸುಮ್ಮನಿದ್ವಿ.”

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾನು ಇಷ್ಟು ದಿನ ಕುಡಿದಿದ್ದೆ. ಸುತ್ತ ಕೂತವರೆಲ್ಲ ನೋಡುತ್ತಿದ್ದರು. ನನ್ನ ಗಿರಾಕಿಗಳ ಮಾತು ಕೇಳಿ ಫೋನಿನ ಆ ತುದಿಯಲ್ಲಿ ಅವರು ಹೂಂ, ಹೂಂ ಎಂದದ್ದೆಲ್ಲ ನೆನಪಾಯಿತು. ನನ್ನ ಕೆಲಸದ ಬಗ್ಗೆ ನನಗೆ ಮೊದಲಿದ್ದದ್ದು ಸಣ್ಣ ನಾಚಿಕೆ. ಈಗ ಹುಟ್ಟಿದ್ದು ಬೇರೆ. ನಾನು ಅವಳ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಅವಳು ನನ್ನ ಮಾನ ಕಾಯುತ್ತಿದ್ದಳು. ಕಾರು ಹತ್ತುವಾಗ ಅವಳು ನನ್ನ ಕುತ್ತಿಗೆಗೆ ಬಿದ್ದು ಅತ್ತಳು. ಅವಳಿಗೆ ತಪ್ಪಾಯಿತು ಎಂದೂ ನಾನು ಹೇಳಲಿಲ್ಲ.

ಈಗಲೂ ಅದನ್ನೇ ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತೇನೆ. ತಿಕೋಟಾದ ಸಾಹುಕಾರರು ಮತ್ತೆ ಕೆಲಸಕ್ಕೆ ಕರೆದರು, ಮಾತೂ ಆಡುತ್ತಾರೆ, ಸಿಟ್ಟು ಬಂದ ದಿನ ಮಾತ್ರ, “ಯಾರಪ್ಪಾ ನೀ?” ಎಂದು ಕೇಳುತ್ತಾರೆ. ಕೀಲಿನೊಳಗೆ ಲಿಂಬೆರಸ ಒಣಗಿ ಚಾಕು ಎಳೆಯಲು ಬಿಗಿಯಾಗಿದೆ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಅರಿಶಿಣದ ಹಳದಿ ಸಂದಿಯಲ್ಲಿ ಉಳಿದಿದೆ.

ಆ ದಿನ ಮಂಟಪದಿಂದ ಮನೆಗೆ ಬಂದು ಬೀಗ ತೆಗೆದವನು ಮೊದಲು ಹೋದದ್ದು ಕಪಾಟಿನ ಹತ್ತಿರ. ಅವಳು ಸುಮ್ಮನೆ ಪಕ್ಕಡ ಎತ್ತಿಕೊಂಡು ಬಂದಿರಬಹುದು, ನಿಜವಾಗಿಯೂ ನಾನು ಮರೆತೆನೆಂದೇ ತಿಳಿದಿರಬಹುದು ಎಂದು ಒಂದು ಆಸೆ ಇನ್ನೂ ಉಳಿದಿತ್ತು. ಮರೆತು ಬಂದ ವಸ್ತುವಿನ ಮೇಲೆ ಯಾರೂ ಟವೆಲ್ ಮುಚ್ಚಿರುವುದಿಲ್ಲ. ನಾನು ಬೇಕೆಂದೇ ಮುಚ್ಚಿಟ್ಟದ್ದು ಅವಳಿಗೆ ಗೊತ್ತಾಗದೆ ಇರಲಿ ಎಂದು ಬೇಡಿಕೊಳ್ಳುತ್ತ ನೋಡಿದೆ. ಟವೆಲ್ ಕಪಾಟಿನ ಮೇಲೇ ಇತ್ತು. ಅಂಚಿಗೆ ಅಂಚು ಕೂಡಿಸಿ ಮಡಚಿ ಇಟ್ಟಿದ್ದಳು, ಮೇಲೆ ಅವಳ ಅರಿಶಿಣದ ಬೆರಳಿನ ಗುರುತು ಮೂಡಿತ್ತು.